ಎಲ್ಲಾದ್ರೂ ಒತ್ತುತ್ತಾ?

ಬೆಟ್ಟದ ಮೇಲಿನ ಆರೈಕೆ ಮನೆ,
ಚಪ್ಪಲಿ ಕೋಣೆ,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ನಗಬೇಡ. ಮೂವತ್ತನಾಲ್ಕು ವರ್ಷದಿಂದ ಬಾಯಲ್ಲಿ ಕರೆದದ್ದನ್ನೇ ಕಾಗದದಲ್ಲೂ ಬರೆದಿದ್ದೇನೆ. ಮೊದಲು ನಿನ್ನ ಹೆಸರನ್ನೇ ಬರೆದು ನೋಡಿದೆ. ಯಾರೋ ಬೇರೆ ಹೆಂಗಸಿಗೆ ಬರೆಯುತ್ತಿದ್ದೇನೆ ಅನ್ನಿಸಿ, ಗಾಬರಿಯಾಗಿ ಹೊಡೆದು ಹಾಕಿದೆ. ಹೇಗಿದ್ದೀಯ? ಸಕ್ಕರೆ ಸ್ವಲ್ಪವಾದರೂ ಇಳಿಯಿತಾ? ಮಗಳು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಇಲ್ಲಾ ನುಂಗಿದೆ ಅಂತ ಹೇಳಿ ದಿಂಬಿನ ಕೆಳಗೆ ತಳ್ಳುತ್ತಿದ್ದೀಯೋ? ಕಾಲು ಜೋಮು ಹಿಡಿಯುತ್ತದೆ, ‘ಬೇರೆ ಯಾರದೋ ಕಾಲು ಅನ್ಸುತ್ತೆ ರೀ’ ಅಂದಿದ್ದೆಯಲ್ಲ, ಅದು ಈಗ ಹೇಗಿದೆ? ಅವತ್ತು ನಾನು ‘ಯಾರದಾದ್ರೂ ಆಗ್ಲಿ ಬಿಡು, ಅಳತೆ ನನ್ನ ಹತ್ರ ಇದೆ’ ಅಂತ ತಮಾಷೆ ಮಾಡಿ ಎದ್ದು ಹೋಗಿದ್ದೆ. ನಾನಂತೂ ಗುಂಡುಕಲ್ಲಿನ ಹಾಗೆ ಇದ್ದೇನೆ. ಹೊರಟ ದಿನ ಹಾಲು ಒಡೆದು ಟೀ ಇಲ್ಲದೆ ಮನೆ ಬಿಟ್ಟವನು, ಆ ಬಾಕಿಯನ್ನು ಇಲ್ಲಿ ಬಡ್ಡಿ ಸಮೇತ ಕುಡಿದು ತೀರಿಸುತ್ತಿದ್ದೇನೆ. ಇಲ್ಲಿ ಫೋನ್ ಹಿಡಿಯುವುದಿಲ್ಲ. ನಮ್ಮ ತಂಡದ ಅರ್ಧ ಜನ ಇವತ್ತು ನಾಲ್ಕು ಗಂಟೆಗೆ ವಾಪಸು ಹೊರಟಿದ್ದಾರೆ. ಅವರ ಜೊತೆ ಹೊರಟಿರುವ ಪಾಸ್ಟರಮ್ಮನ ಕೈಯಲ್ಲೇ ಈ ಕಾಗದ ಕೊಡುತ್ತೇನೆ. ನಾನು ಇನ್ನೂ ಎರಡು ವಾರ ಇದ್ದು ಬರೋಣ ಅಂದುಕೊಂಡಿದ್ದೇನೆ. ಯಾಕೆ ಅನ್ನುವುದನ್ನು ಹೇಳುವುದಕ್ಕೇ ಕೂತದ್ದು.

ಸಭೆಯಲ್ಲಿ ಪಾಸ್ಟರು ಈ ಸೇವೆಗೆ ಜನ ಬೇಕು ಅಂದಾಗ ನಾವಿಬ್ಬರೂ ಒಟ್ಟಿಗೆ ಕೈ ಎತ್ತಿದೆವು, ನೆನಪಿದೆ ತಾನೇ? ಸಕ್ಕರೆ ನೋಡಿದ ನಮ್ಮೂರ ಡಾಕ್ಟರು ನಿನ್ನ ಕೈಯನ್ನು ಕೆಳಗಿಳಿಸಿದರು. ‘ನನ್ನ ಪಾಲಿಂದೂ ನೀವೇ ಮಾಡ್ಕೊಂಡು ಬನ್ನಿ’ ಅಂತ ನೀನು ಕಳಿಸಿದೆ. ಹಾಗಾಗಿ ಇಲ್ಲಿ ಏನು ನೋಡಿದರೂ, ಇದು ಇವಳ ಪಾಲು, ಸರಿಯಾಗಿ ನೋಡಬೇಕು ಅಂತ ಕಣ್ಣರಳಿಸಿ ನೋಡುತ್ತಿದ್ದೇನೆ. ಉದ್ದನೆಯ ಎರಡು ವಾರ್ಡು, ನಡುವೆ ಅಂಗಳ, ಆ ತುದಿಗೆ ಪುಟ್ಟ ಪ್ರಾರ್ಥನಾ ಮಂದಿರ, ಅದರ ಪಕ್ಕ ಕಬ್ಬಿಣದ ಕಂಬಕ್ಕೆ ತೂಗುಹಾಕಿದ ಗಂಟೆ. ಇಲ್ಲಿರುವವರೆಲ್ಲ ಒಂದು ಕಾಲಕ್ಕೆ ಕುಷ್ಠ ಬಂದು ವಾಸಿಯಾದವರು. ಮಾತ್ರೆಯಿಂದ ರೋಗ ಹೋಯಿತು. ಆದರೆ ಅಷ್ಟರೊಳಗೆ ಸತ್ತ ನರ ಮತ್ತೆ ಬದುಕಲಿಲ್ಲ. ಅಂಗಾಲಿಗೆ ಬಿಸಿ, ತಂಪು, ಕಲ್ಲು, ಮುಳ್ಳು ಯಾವುದೂ ತಿಳಿಯುವುದಿಲ್ಲ. ಗಾಯವಾದದ್ದು ಗೊತ್ತಾಗದೆ ಅದರ ಮೇಲೇ ನಡೆದು, ಅದು ಮೂಳೆಗೆ ಇಳಿದು, ಕೊನೆಗೆ ಕಾಲನ್ನೇ ತೆಗೆಯಬೇಕಾಗುತ್ತದಂತೆ. ಅದಕ್ಕೇ ನಮ್ಮನ್ನು ಕರೆಸಿದ್ದು. ಪಾಸ್ಟರಮ್ಮ ಇಪ್ಪತ್ತೈದು ವರ್ಷ ನರ್ಸ್ ಆಗಿದ್ದವರು, ಗಾಯ ಕಟ್ಟುವುದಕ್ಕೆ ಅವರು. ಚಪ್ಪಲಿ ಹೊಲಿಯುವುದಕ್ಕೆ ನಾನು. ಉಳಿದವರು ಸೋರುವ ಸೂರಿಗೆ.

ಬಂದ ಮಾರನೇ ಬೆಳಿಗ್ಗೆ ಅಂಗಳದಲ್ಲಿ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಬೋಗುಣಿಗಳಲ್ಲಿ ನೀರು ಇಟ್ಟುಕೊಂಡು ಎಲ್ಲರೂ ಸಾಲಾಗಿ ಕಾಲು ನೆನೆಹಾಕಿ ಕೂತಿದ್ದರು. ಅರ್ಧ ಗಂಟೆ ಆದಮೇಲೆ ಇಬ್ಬಿಬ್ಬರು ಎದುರುಬದುರಾದರು. ಒಬ್ಬರು ಇನ್ನೊಬ್ಬರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಒರೆಸಿ, ಬೆರಳ ಸಂದಿ ಬಿಡಿಸಿ, ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿ, ಎಣ್ಣೆ ಸವರಿದರು. ಆಮೇಲೆ ಅದಲುಬದಲು. ತನ್ನ ಅಂಗಾಲು ತನಗೆ ಕಾಣುವುದಿಲ್ಲ, ಗೊತ್ತಾಗುವುದೂ ಇಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರುತ್ತಾನೆ. ಬೆರಳೇ ಇಲ್ಲದ ಕೈಗಳು ಎಷ್ಟು ನಾಜೂಕಾಗಿ ಕಾಲು ಹಿಡಿದಿದ್ದವು ಅಂದರೆ, ನನಗೆ ಅಲ್ಲೇ ಮೈ ಜುಮ್ಮೆಂದಿತು. ಯಾರೂ ಅದನ್ನು ದೊಡ್ಡದು ಅಂದುಕೊಂಡಿರಲಿಲ್ಲ. ಹರಟೆ ಹೊಡೆಯುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ ಮುಗಿಸಿ ತಿಂಡಿಗೆ ಎದ್ದರು.

ಇಷ್ಟೆಲ್ಲ ಕಣ್ಣಾರೆ ಕಂಡೂ ನಾನು ಏನು ಮಾಡಿದೆ ಗೊತ್ತಾ? ನನ್ನ ಅಂಗಡಿಯನ್ನೇ ಇಲ್ಲಿಗೆ ಎತ್ತಿಕೊಂಡು ಬಂದೆ. ನನ್ನ ಕೈಯ ಚಪ್ಪಲಿ, ನನ್ನ ಬಾಯಿಯ ಪ್ರಶ್ನೆ. ‘ಎಲ್ಲಾದ್ರೂ ಒತ್ತುತ್ತಾ?’ ಮದುವೆಯ ದಿನ ನಾನು ನಿನ್ನ ಜೊತೆ ಆಡಿದ ಮೊದಲ ಮಾತೂ ಅದೇ ಅಂತ ನೀನು ಇವತ್ತಿಗೂ ಊರಿಗೆಲ್ಲ ಸಾರುತ್ತೀಯ. ನಾನೇ ಹೊಲಿದ ಮದುವೆ ಚಪ್ಪಲಿ. ನೀನು ತಲೆ ತಗ್ಗಿಸಿ ‘ಇಲ್ಲ’ ಅಂದೆ. ವಾರ ಕಳೆದ ಮೇಲೆ ಹಿಮ್ಮಡಿಯ ಬೊಬ್ಬೆ ತೋರಿಸಿದೆ, ನಾಚಿಕೆಯಾಗಿ ಹೇಳಲಿಲ್ಲ ಅಂತ. ಈ ಸಲ ಹೊರಡುವ ಮೊದಲು ಹೊಲಿದು ಕೊಟ್ಟದ್ದಕ್ಕೆ ಮಾತ್ರ ಬಾಯ್ತುಂಬ ಹೇಳಿದೆಯಲ್ಲ, ‘ಹಾಕ್ಕೊಂಡಿದೀನಿ ಅಂತಾನೇ ಗೊತ್ತಾಗ್ತಿಲ್ಲ ರೀ’ ಅಂತ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ. ದಾರಿಯುದ್ದಕ್ಕೂ ಪಾಸ್ಟರಮ್ಮನ ತಲೆ ತಿಂದು ಅದನ್ನೇ ಹೇಳಿಕೊಂಡು ಬಂದೆ.

ಈ ವಾರ್ಡುಗಳನ್ನು ನೋಡಿಕೊಳ್ಳುವ ಹಿರಿಯ ನರ್ಸನ್ನು ನಾವು ದೊಡ್ಡಕ್ಕ ಅಂತ ಕರೆಯುತ್ತೇವೆ. ಇಲ್ಲಿಯವರ ಭಾಷೆ ನನಗೆ ಬಾರದು, ಅವರ ಅರ್ಧ ಇಂಗ್ಲಿಷು, ನನ್ನ ಅರ್ಧ ಇಂಗ್ಲಿಷು ಸೇರಿದರೆ ಒಂದು ಮಾತು ಪೂರ್ತಿಯಾಗುತ್ತದೆ. ಮೊದಲ ವಾರ ಅವರು ಔಷಧಿ ತರಲು ಮೂರು ದಿನ ಪಟ್ಟಣಕ್ಕೆ ಹೊರಟಾಗ, ‘ನಾನು ಬರೋವರೆಗೆ ಹೊಸ ಚಪ್ಪಲಿ ಯಾರಿಗೂ ಹಾಕಿಸ್ಬೇಡಿ’ ಅಂತ ಹೇಳಿಯೇ ಹೋಗಿದ್ದರು. ನನಗೆ ಅವರನ್ನು ಬೆರಗುಗೊಳಿಸುವ ಚಪಲ. ಅವರ ಜೀಪು ತಿರುವು ದಾಟುವ ಮೊದಲೇ ಇಪ್ಪತ್ತಾರು ಜೊತೆ ಚಪ್ಪಲಿ ಹಂಚಿಬಿಟ್ಟೆ. ಕೈಸನ್ನೆ ಮಾಡಿ ಒಬ್ಬೊಬ್ಬರನ್ನೂ ಕೇಳಿದೆ, ಒತ್ತುತ್ತಾ ಅಂತ. ಇಪ್ಪತ್ತಾರು ಜನವೂ ನಕ್ಕು ಇಲ್ಲ ಅಂತ ತಲೆಯಾಡಿಸಿದರು. ಎದೆ ಉಬ್ಬಿಸಿಕೊಂಡು ನಾನು ಎರಡು ಲೋಟ ಟೀ ಜಾಸ್ತಿ ಕುಡಿದೆ.

ಮಾರನೇ ಬೆಳಿಗ್ಗೆ ಬೋಗುಣಿ ಸಾಲಿನಿಂದ ಹನ್ನೊಂದು ಜೊತೆ ಚಪ್ಪಲಿ ವಾಪಸು ಬಂದವು. ಜೊತೆಗಾರರು ಅಂಗಾಲಿನ ಕೆಂಪು ನೋಡಿ ಕಳಿಸಿದ್ದರು. ನಿನ್ನೆ ಕೇಳಿದಾಗ ಯಾಕೆ ಹೇಳಲಿಲ್ಲ ಅಂತ ನನಗೆ ಸಿಟ್ಟೇ ಬಂತು, ನೋಡು ನನ್ನ ಬುದ್ಧಿ! ಗೊಣಗುತ್ತಲೇ ರಿಪೇರಿಗೆ ಕೂತೆ. ಒಬ್ಬ ಅಜ್ಜಿ ಮಾತ್ರ ವಾಪಸು ಕೊಡಲಿಲ್ಲ. ಗಂಟೆಯಜ್ಜಿ ಅಂತ ನಾವೇ ಇಟ್ಟ ಹೆಸರು. ದಿನಕ್ಕೆ ಮೂರು ಸಲ ವಾರ್ಡಿನಿಂದ ಅಂಗಳ ದಾಟಿ ಹೋಗಿ ಪ್ರಾರ್ಥನೆಯ ಗಂಟೆ ಹೊಡೆಯುವುದು ಅವರ ಕೆಲಸ. ನಲವತ್ತು ವರ್ಷದಿಂದ ಒಂದು ಹೊತ್ತೂ ತಪ್ಪಿಸಿಲ್ಲವಂತೆ. ಎಡಗಾಲಿನ ಎರಡು ಬೆರಳು ಆಗಲೇ ಹೋಗಿವೆ. ಇನ್ನೊಂದು ಗಾಯ ಮೂಳೆ ಮುಟ್ಟಿದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಅಂತ ಇಲ್ಲಿಗೆ ಬಂದುಹೋಗುವ ಡಾಕ್ಟರು ಹೇಳಿದ್ದರು. ಆ ಅಜ್ಜಿ ನನ್ನ ಚಪ್ಪಲಿ ಹಾಕಿಕೊಂಡು ಓಡಾಡುತ್ತಾ, ನನ್ನನ್ನು ಕಂಡಾಗಲೆಲ್ಲ ಕಾಲೆತ್ತಿ ತೋರಿಸಿ ನಗುತ್ತಿದ್ದರು. ಸದ್ಯ, ಒಬ್ಬರಾದರೂ ನನ್ನ ಮಾನ ಕಾಪಾಡಿದರಲ್ಲ ಅಂದುಕೊಂಡೆ.

ಮೂರನೇ ದಿನ ದೊಡ್ಡಕ್ಕ ಬಂದರು. ಜೀಪಿನಿಂದ ಇಳಿದವರೇ, ಕಾಲಲ್ಲಿ ಹೊಸ ಚಪ್ಪಲಿ ಕಂಡು, ಗಂಟೆಯಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ ಎಡಗಾಲಿನ ಚಪ್ಪಲಿ ಕಳಚಿದರು. ಒಳಗೆಲ್ಲ ರಕ್ತ. ಪಟ್ಟಿ ಬಿಗಿಯಲು ನಾನು ಹೊಡೆದಿದ್ದ ಸಣ್ಣ ಮೊಳೆಯೊಂದು ಅಟ್ಟೆಯಿಂದ ಮೇಲೆದ್ದು ಅಂಗಾಲಿನೊಳಗೆ ನೆಟ್ಟಿತ್ತು. ಆ ಮೊಳೆಯ ಮೇಲೇ ಅವರು ಎರಡು ದಿನ, ಆರು ಸಲ ಗಂಟೆ ಹೊಡೆದು ಬಂದಿದ್ದರು. ಕಾಲು ನೋಡಬೇಕಾಗಿದ್ದ ಅವರ ಜೊತೆಗಾತಿ ಎರಡು ತಿಂಗಳ ಹಿಂದೆ ತೀರಿಹೋಗಿದ್ದಾರೆ. ಬೇರೆಯವರಿಗೆ ತೊಂದರೆ ಯಾಕೆ ಅಂತ ಅಜ್ಜಿ ಒಬ್ಬರೇ ಕೂತು ತೊಳೆದುಕೊಳ್ಳುತ್ತಿದ್ದರು. ‘ನಾನು ಕೇಳಿದ್ದೆ, ಇಲ್ಲ ಅಂದ್ರು’ ಅಂತ ನಾನು ತೊದಲಿದೆ. ದೊಡ್ಡಕ್ಕ ಬೈಯಲಿಲ್ಲ. ‘ಅವರನ್ನ ಯಾಕೆ ಕೇಳಿದ್ರಿ? ಅವರಿಗೆ ಹೇಗೆ ಗೊತ್ತಿರುತ್ತೆ?’ ಅಂದರು ಅಷ್ಟೇ. ನಲವತ್ತು ವರ್ಷದ ನನ್ನ ಕಸುಬು ಆ ಬೆಂಚಿನ ಮುಂದೆ ಕುಸಿದು ಕೂತಿತು. ನಾನು ಅಜ್ಜಿಯ ಕಾಲು ಹಿಡಿದುಕೊಂಡು ಅತ್ತೆ. ಹೌದು, ಎಲ್ಲರೆದುರಿಗೇ. ಅಜ್ಜಿ ನನ್ನ ತಲೆ ತಟ್ಟಿ ಏನೋ ಕೇಳಿದರು, ದೊಡ್ಡಕ್ಕ ತಿಳಿಸಿ ಹೇಳಿದರು. ಮೊದಲ ಪ್ರಶ್ನೆ ಏನು ಗೊತ್ತಾ? ಸಂಜೆ ಗಂಟೆ ಯಾರು ಹೊಡೀತಾರೆ ಅಂತ.

ನಾನೇ ಹೊಡೆದೆ. ಗಾಯ ಮಾಯುವವರೆಗೆ ಅಜ್ಜಿ ಹಾಸಿಗೆಯಿಂದ ಇಳಿಯುವ ಹಾಗಿರಲಿಲ್ಲ. ನಾನು ಹಗ್ಗ ಎಳೆದರೆ ಗಂಟೆ ಎರಡು ಸಲ ಹೊಡೆದು ಮೂರನೆಯದಕ್ಕೆ ಮುನಿಸಿಕೊಳ್ಳುತ್ತಿತ್ತು. ಇಡೀ ವಾರ್ಡು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅಜ್ಜಿ ಮಲಗಿದಲ್ಲಿಂದಲೇ ಕೈಯಾಡಿಸಿ ಪಾಠ ಹೇಳುತ್ತಿದ್ದರು. ದಿನವೂ ಬೆಳಿಗ್ಗೆ ನಾನೇ ಅವರ ಜೊತೆಗಾರನಾದೆ. ಕಾಲು ಒರೆಸಿ, ಅಂಗಾಲು ನೋಡಿ, ಎಣ್ಣೆ ಸವರಿ, ಮುಗಿಯಿತು ಅಂತ ಮೊದಲ ದಿನ ಏಳಹೊರಟರೆ ಅಜ್ಜಿ ಬಿಡಲಿಲ್ಲ. ನನ್ನ ಕಾಲು ಕೇಳಿದರು! ನನ್ನದು ಚೆನ್ನಾಗಿದೆ ಅಂದರೂ ಕೇಳಲಿಲ್ಲ, ಎಳೆದು ತೊಡೆಯ ಮೇಲೆ ಇಟ್ಟುಕೊಂಡರು. ಜೀವಮಾನವೆಲ್ಲ ಬೇರೆಯವರ ಕಾಲು ಹಿಡಿದವನು ನಾನು. ನನ್ನ ಕಾಲನ್ನು ಅಮ್ಮ ಹೋದಮೇಲೆ ಯಾರೂ ಹಿಡಿದಿರಲಿಲ್ಲ. ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹಿಮ್ಮಡಿಯಲ್ಲಿ ನನಗೇ ಗೊತ್ತಿಲ್ಲದ ಒಂದು ಬಿರುಕು ಕಂಡುಹಿಡಿದು, ನಾಲಿಗೆ ಲೊಚಗುಟ್ಟಿ, ಎಣ್ಣೆ ಹಚ್ಚಿದರು. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನಾವು ಎಷ್ಟು ಸಲ ಕೇಳಿಲ್ಲ? ತಗ್ಗಿಬಗ್ಗಿ ನಡೆಯಬೇಕು ಅನ್ನುವ ಪಾಠ ಅಂತಲೇ ನಾನು ಅಂದುಕೊಂಡಿದ್ದೆ. ಅವತ್ತು ಅನ್ನಿಸಿತು, ಕರ್ತನು ಬರೀ ತೊಳೆದಿರಲಾರ. ಒಬ್ಬೊಬ್ಬರ ಅಂಗಾಲನ್ನೂ ತಿರುಗಿಸಿ ನೋಡಿರಬೇಕು. ಇದನ್ನು ಪಾಸ್ಟರಿಗೆ ಹೇಳು, ಒಂದು ಭಾನುವಾರಕ್ಕೆ ಆಗುತ್ತದೆ.

ಚಪ್ಪಲಿ ಮತ್ತೆ ಮೊದಲಿನಿಂದ ಮಾಡಿದೆ. ಮೊಳೆ ಇಲ್ಲ, ಗಂಟಿಲ್ಲ, ಒಳಗೆ ಹೊಲಿಗೆಯೇ ಇಲ್ಲ. ಮೆತ್ತನೆಯ ರಬ್ಬರು, ಎಡಗಾಲಿಗೇ ಬೇರೆ ಅಳತೆ, ಬಲಗಾಲಿಗೇ ಬೇರೆ. ಹಾಕಿಸಿ ಸ್ವಲ್ಪ ಹೊತ್ತು ನಡೆಸಿ, ಕಳಚಿ, ಅಂಗಾಲು ಮುಟ್ಟಿ ನೋಡಬೇಕು ಅಂತ ದೊಡ್ಡಕ್ಕ ಕಲಿಸಿದರು. ಎಲ್ಲಿ ಒತ್ತುತ್ತದೋ ಅಲ್ಲಿ ಬಿಸಿ ಇರುತ್ತದೆ. ಮೊದಲು ನನಗೆ ಏನೂ ಗೊತ್ತಾಗಲಿಲ್ಲ. ದಬ್ಬಳ ಹಿಡಿದು ಹಿಡಿದು ನನ್ನ ಅಂಗೈಯೇ ಮರಗಟ್ಟಿ ಹೋಗಿದೆ, ಅದು ನನಗೆ ತಿಳಿದೇ ಇರಲಿಲ್ಲ! ದೊಡ್ಡಕ್ಕ ನನ್ನ ಕೈ ಮಗುಚಿ, ಕೈಯ ಹಿಂಭಾಗ ಇಟ್ಟು ತೋರಿಸಿದರು, ಮಗುವಿನ ಜ್ವರ ನೋಡುವ ಹಾಗೆ. ಆಗ ಸಿಕ್ಕಿತು. ಹೆಬ್ಬೆರಳಿನ ಬುಡದಲ್ಲಿ ಒಂದು ಬಟಾಣಿಯಷ್ಟು ಬಿಸಿ. ಆ ಕಾಲಿನ ಯಜಮಾನ ನಗುತ್ತಾ ಕೂತಿದ್ದಾನೆ, ಅವನಿಗೆ ತಿಳಿಯದ ಅವನ ನೋವು ನನ್ನ ಕೈಗೆ ತಿಳಿಯುತ್ತಿದೆ! ಏನು ಹೇಳಲಿ ನಿನಗೆ? ಅಲ್ಲೇ ಕಣ್ಣುಮುಚ್ಚಿ ಸ್ತೋತ್ರ ಹೇಳಿದೆ.

ಇವತ್ತು ಬೆಳಿಗ್ಗೆ ಡಾಕ್ಟರು ಬಂದಿದ್ದರು. ಅಜ್ಜಿಯ ಗಾಯದ ಕಟ್ಟು ಬಿಚ್ಚಿ, ಟಾರ್ಚಿನ ಬೆಳಕು ಬಿಟ್ಟು ನೋಡುತ್ತಿದ್ದಷ್ಟು ಹೊತ್ತೂ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮೂಳೆ ಮುಟ್ಟಿಲ್ಲ, ಪೂರ್ತಿ ಮಾಯ್ದಿದೆ, ಪಾದ ಉಳಿಯಿತು ಅಂದರು. ಹೊಸ ಚಪ್ಪಲಿ ಹಾಕಿಕೊಂಡು ಅಜ್ಜಿ ಗಂಟೆಯವರೆಗೆ ನಡೆದರು. ಇಡೀ ವಾರ್ಡು ಕಿಟಕಿಗಳಲ್ಲಿ ನಿಂತಿತ್ತು. ಹೊಡೆದರು ನೋಡು, ಒಂದೇ ಸಮ, ಒಂದೇ ದನಿ! ವಾಪಸು ಬಂದು ಬೆಂಚಿನ ಮೇಲೆ ಕೂತರು. ನಾನು ಚಪ್ಪಲಿ ಕಳಚಿ ಕೈಯ ಹಿಂಭಾಗ ಇಟ್ಟೆ. ಎಡಗಾಲು ತಂಪು. ಬಲಗಾಲೂ ತಂಪು. ಇನ್ನೂ ಹದಿನಾಲ್ಕು ಜನರ ಚಪ್ಪಲಿ ಹೀಗೆ ಆಗಬೇಕಾಗಿದೆ, ಅದಕ್ಕೇ ಎರಡು ವಾರ ಕೇಳಿದ್ದು.

ಮಗಳಿಗೆ ನನ್ನ ಆಶೀರ್ವಾದ ಹೇಳು, ಅಂಗಡಿಯ ಬೀಗಕ್ಕೆ ಎಣ್ಣೆ ಬಿಡಲು ಹೇಳು. ಸಭೆಯವರಿಗೆಲ್ಲ ನನ್ನ ವಂದನೆ. ಇಲ್ಲಿಯ ಬೋಗುಣಿ ಸಾಲಿನವರೆಲ್ಲ ಬಾರದೆ ಉಳಿದ ನಿನಗಾಗಿ ದಿನವೂ ಪ್ರಾರ್ಥನೆ ಮಾಡುತ್ತಾರೆ. ಕರ್ತನ ಕೈ ನಿನ್ನ ಮೇಲಿರಲಿ.

ನಿನ್ನ,
‘ರೀ’

ತಾ.ಕ.: ವ್ಯಾನು ಹಾರ್ನ್ ಹೊಡೆಯುತ್ತಿದೆ, ಅಕ್ಷರ ಹೇಗಿದ್ದರೂ ಓದಿಕೋ. ಬರೆದದ್ದನ್ನು ಮಡಿಸುವ ಮೊದಲು ಒಂದು ಸಲ ಓದಿದೆ. ಹಾಕಿಕೊಂಡದ್ದೇ ಗೊತ್ತಾಗುತ್ತಿಲ್ಲ ಅಂದೆಯಲ್ಲ ನೀನು. ನಾನು ಹೊರಟಾಗ ನೀನು ಆ ಹೊಸ ಚಪ್ಪಲಿಯಲ್ಲೇ ಬಾಗಿಲವರೆಗೆ ಬಂದೆ. ನೀನು ಒಳಗೆ ಹೋದಮೇಲೆ ನಾನು ಮೆಟ್ಟಿಲ ಮೇಲೆ ಒಂದು ಕಂದು ಕಲೆ ಕಂಡೆ. ಟೀ ಚೆಲ್ಲಿದೆ ಅಂದುಕೊಂಡು ಕಾಲಲ್ಲೇ ಉಜ್ಜಿ ಹೊರಟುಬಂದೆ. ಅವತ್ತು ನಮ್ಮ ಮನೆಯಲ್ಲಿ ಟೀ ಮಾಡಿಯೇ ಇರಲಿಲ್ಲ. ಆ ಚಪ್ಪಲಿಗೂ ನಾನು ಮೊಳೆ ಹೊಡೆದಿದ್ದೇನೆ. ಅದನ್ನು ಈಗಲೇ ಕಳಚಿಬಿಡು. ಎರಡು ವಾರ ಇರುವುದಿಲ್ಲ, ವ್ಯಾನಿನಲ್ಲಿ ಜಾಗ ಇದ್ದಿದ್ದರೆ ಇವತ್ತೇ ಬರುತ್ತಿದ್ದೆ, ಭಾನುವಾರದ ವ್ಯಾನಿಗೆ ಹೊರಡುತ್ತೇನೆ. ಹದಿನಾಲ್ಕು ಜೊತೆಯನ್ನು ಅಲ್ಲಿಂದಲೇ ಹೊಲಿದು ಕಳಿಸುತ್ತೇನೆ, ಹಾಕಿಸಿ ಮುಟ್ಟಿ ನೋಡುವುದಕ್ಕೆ ದೊಡ್ಡಕ್ಕ ಇದ್ದಾರೆ. ಕಾಗದ ತಂದ ಪಾಸ್ಟರಮ್ಮ ಈಗ ನಿನ್ನ ಎದುರಿಗೇ ಇರುತ್ತಾರೆ. ಅವರಿಗೆ ಟೀ ಆಮೇಲೆ ಕೊಡು. ಕುರ್ಚಿಯ ಮೇಲೆ ಕೂತು ಎರಡೂ ಕಾಲನ್ನು ಅವರ ತೊಡೆಯ ಮೇಲೆ ಇಡು. ಅವರು ನಿನ್ನನ್ನು ಏನೂ ಕೇಳುವುದಿಲ್ಲ, ಕೇಳಬೇಡಿ ಅಂತ ನಾನೇ ಹೇಳಿ ಕಳಿಸುತ್ತಿದ್ದೇನೆ. ನೀನೂ ಈ ಸಲ ‘ಏನಿಲ್ಲ’ ಅನ್ನಬೇಡ. ಕಾಲು ಕೊಡು, ಅಷ್ಟೇ.