ಕ್ಯಾತಮ್ಮ ತುಂಬಿಕೊಟ್ಟ ಬಾಟಲಿ

4-2-2002, ಸೋಮವಾರ
ಇಡೀ ದಿನ ತಳಕು ಕಡೆ. ಅದೇ ಕೆಲಸ. ಬೋರು ಒತ್ತು, ಪೈಪಿನೊಳಗಿನ ಹಳೇ ನೀರು ಹೋಗಲಿ, ಬರೋ ನೀರಲ್ಲೇ ಬಾಟಲಿ ಮೂರು ಸಲ ತೊಳಿ, ತುಂಬು, ಚೀಟಿ ಅಂಟಿಸು. ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ಕೇ ಬೇಕು, ಗಾಜು ಆಗಲ್ಲ. ಡ್ರೈವರ್ ಪಾಲಣ್ಣ ಜೀಪಲ್ಲಿ ಗೊರಕೆ.
ಚಳ್ಳಕೆರೆ ರೂಮಿಗೆ ಬಂದರೆ ಮಾತಿಗೆ ಒಂದು ನರಪಿಳ್ಳೆ ಇಲ್ಲ. ಓನರ್ ಸುಲೋಚನಮ್ಮ ಬಾಯಿ ಬಿಡೋದು ಮೋಟರ್ ಆಫ್ ಮಾಡಿದ್ಯಾ ಅಂತ ಕೇಳೋಕೆ ಮಾತ್ರ. ಇವತ್ತು ಬಾಟಲಿಗಳಿಗೇ ಬೈದೆ. ತಿರುಗಿ ಬೈಯಲಿಲ್ಲ ಅಂತ ಬೇಜಾರಾಯಿತು.

11-2-2002
ಮೊಳಕಾಲ್ಮೂರು ಕಡೆ. ಸಿದ್ದಾಪುರ ದಾಟಿ ಗುಡ್ಡದ ಬುಡದಲ್ಲಿ ಕುರಿಗಾರರ ಹಟ್ಟಿ. ಎಲ್ಲರಿಗೂ ಒಂದೇ ಕೈಬೋರು. ಫ್ಲೋರೈಡ್ ಜಾಸ್ತಿ ಬಂದರೆ ದೂರದಿಂದ ಪೈಪಲ್ಲಿ ಒಳ್ಳೇ ನೀರು ತರುತ್ತಾರೆ. ಇಲ್ಲಾಂದರೆ ಇದೇ ಗತಿ.
ಹ್ಯಾಂಡಲ್‌ಗೆ ಕೈ ಹಾಕಿದೆ. ಒಬ್ಬ ಅಜ್ಜಿ ಬಂದು ಬಿಡಿಸಿದಳು. ಹೆಸರು ಕ್ಯಾತಮ್ಮ. ನಾನು ಸುನೀತಾ ಅಂದೆ.
“ಮನಿಗೆ ಬಂದೋರ ಕೈಲಿ ಬೋರು ಒತ್ತಿಸ್ತಾರೇನ್ರಿ? ಕುಂತ್ಕಳ್ರಿ ಮೇಡಮ್ನೋರೆ, ನಾ ತುಂಬ್ಕಂಡು ಬರ್ತೀನಿ.”
ಬಿಸಿಲಿಗೆ ತಲೆ ಸುತ್ತುತ್ತಿತ್ತು. ಮೂರು ಸಲ ತೊಳೀರಿ ಅಂತ ಹೇಳಿ ಬೇವಿನ ನೆರಳಲ್ಲಿ ಕಣ್ಣು ಮುಚ್ಚಿದೆ. ಬಾಟಲಿ ತುಂಬಿ ತಂದಳು, ಕುಡಿಯೋಕೆ ಒಂದು ಚೊಂಬು ಬೇರೆ. ಎಷ್ಟು ಸಿಹಿ! ಎರಡು ವರ್ಷದ ಮೊಮ್ಮಗಳು ಸ್ವಪ್ನ ನನ್ನ ಸೆರಗು ಬಿಡಲೇ ಇಲ್ಲ. ಮುದ್ದೆ ಉಣ್ಣಿಸಿ ಕಳಿಸಿದರು. ಯಾರದೋ ಮನೆಯಲ್ಲಿ ಕೂತು ಉಂಡು ಎಷ್ಟು ಕಾಲವಾಗಿತ್ತೋ... ಜೀಪಲ್ಲಿ ಅಳು ಬಂತು. ಪಾಲಣ್ಣ ಧೂಳು ಅಂದುಕೊಂಡ.

26-2-2002
ಹಟ್ಟಿ ರಿಪೋರ್ಟ್ ಬಂತು. ಫ್ಲೋರೈಡ್ ಬರೀ 0.2. ಒಂದೂವರೆ ದಾಟಿದರೆ ತಾನೇ ಕೆಟ್ಟದ್ದು. ಚಿನ್ನದಂಥ ನೀರು. ಪೈಪಿನ ಪಟ್ಟಿಯಿಂದ ಹಟ್ಟಿ ಔಟ್. ಪೈಪು ಯಾಕೆ ಬೇಕು, ಸ್ವಪ್ನಂಗೆ ಮನೆ ಮುಂದೆಯೇ ಒಳ್ಳೇ ನೀರು. ಖುಷಿ. ಭಾನುವಾರ ಹೋಗಿ ಹೇಳಬೇಕು. ಹೇಗೂ ಭಾನುವಾರ ನನ್ನನ್ನು ಕೇಳೋರಿಲ್ಲ.

3-3-2002, ಭಾನುವಾರ
ಬಸ್ಸಲ್ಲಿ ಹೋದೆ. ಸ್ವಪ್ನಳ ಅಕ್ಕ ನಕ್ಕಳು. ಎಂಟು ವರ್ಷ, ಹಲ್ಲಿನ ತುಂಬ ಫ್ಲೋರೈಡಿನ ಕಂದು ಗೆರೆ. 0.2 ನೀರು ಕುಡಿದ ಹಲ್ಲಲ್ಲ ಅದು. ಅವತ್ತು ಯಾವ ನೀರು ತುಂಬಿದ್ರಿ ಅಂತ ಕೇಳಿದೆ.
“ಅಯ್ಯೋ, ಆ ಬೋರಿನ ನೀರು ನಿಮಗೆ ಕೊಡಾಕಾಗ್ತೈತೇನ್ರಿ? ಗುಡ್ಡದ ಮ್ಯಾಲಿನ ದೊಣೆ ನೀರು. ನೆಂಟ್ರಿಗೆ ಅಂತ ಒಂದು ಕೊಡ ಇಟ್ಟಿರ್ತೀವಿ.”
ಬಂಡೆಗುಂಡಿಯಲ್ಲಿ ನಿಂತ ಮಳೆ ನೀರು! ಮೂರು ಸಲ ತೊಳೆದಿದ್ದೂ ಅದರಲ್ಲೇ!
“ಮತ್ತೆ ನೀವು?”
“ಮನಿಯೋರಿಗೆ ಏನ್ರಿ, ಬೋರಿಂದು.”
ಸ್ವಪ್ನಳೂ ಅದನ್ನೇ ಕುಡೀತಾಳೆ. ಬ್ಯಾಗಿನಲ್ಲಿ ಬಾಟಲಿ ಇತ್ತು. ನಾನೇ ಒತ್ತಿದೆ, ನಾನೇ ತುಂಬಿದೆ. ಕ್ಯಾತಮ್ಮ ಮುಖ ತಿರುಗಿಸಿ ನಿಂತಳು. ಅವಳ ಮರ್ಯಾದೆ ತೆಗೆದ ಹಾಗಾಯಿತೇನೋ. ಊಟಕ್ಕೂ ಕರೆಯಲಿಲ್ಲ. ಇದ್ದದ್ದೊಂದು ಮನೆ, ಅದೂ ಹೋಯಿತು.

5-3-2002
ಆಫೀಸಲ್ಲಿ ಸಾಹೇಬರಿಗೆ ಹೇಳಿದೆ. “ನೀವು ಸ್ಯಾಂಪಲ್ ತರೋಕೆ ಹೋಗಿದ್ರೋ, ನೆಂಟಸ್ತನಕ್ಕೋ?” ಎರಡಕ್ಕೂ ಅಂತ ನಾಲಿಗೆ ತುದಿಗೆ ಬಂತು. ನುಂಗಿದೆ. ಬಾಟಲಿ ಮಾತ್ರ ತಗೊಂಡರು. ಅಷ್ಟು ಸಾಕು.

19-3-2002
4.1. ಹಟ್ಟಿ ಮತ್ತೆ ಪಟ್ಟಿಗೆ ಬಂತು. ಪೈಪಿಗೆ ಒಂದು ವರ್ಷವಾದರೂ ಬೇಕಂತೆ. ನನ್ನ ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗೀತು, ರಿನೀವಲ್ ಇಲ್ಲ. ರೂಮಲ್ಲಿ ಜೋರಾಗಿ ನಕ್ಕೆ. ಸುಲೋಚನಮ್ಮ ಮೋಟರ್ ಅಂದುಕೊಂಡು ಬಾಗಿಲು ಬಡಿದರು.

24-3-2002, ಭಾನುವಾರ, ಸಂಜೆ
ಹೋಗಲೋ ಬೇಡವೋ ಅಂತಲೇ ಹೋದೆ. ಕುಡಿಯೋಕೆ ಬೇಡ ಅಂತ ಬೋರಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಕ್ಯಾತಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಪೈಪು ಬರೋವರೆಗೆ ಮಕ್ಕಳಿಗೆ ಬೋರಿನ ನೀರು ಬೇಡ, ದೊಣೆ ನೀರೇ ಕಾಯಿಸಿ ಆರಿಸಿ ಕೊಡಿ. ಬೈತಾಳೆ ಅಂತ ಕಾದೆ. ನೆಂಟರ ಕೊಡದ ಕಡೆ ನೋಡಿದಳು.
“ಹಂಗಾರೆ ಆ ಕೊಡ ಹುಡುಗ್ರಿಗೇ ಇರ್ಲಿ” ಅಂದು ಒಳಗೆ ಹೋಗಿ ಚೊಂಬು ತಂದಳು.
“ತಗಾ, ಕುಡಿಯೇ ಸುನೀತಿ. ಬೋರಿಂದೇ. ನೀನೇನು ನೆಂಟಳೇನೇ ಇನ್ನ?”
ಮೇಡಮ್ನೋರೆ ಹೋಯಿತು, ಬಹುವಚನವೂ ಹೋಯಿತು. ಆ ನೀರಲ್ಲಿ ಏನಿದೆ ಅಂತ ಇಡೀ ಹಟ್ಟಿಯಲ್ಲಿ ನನಗಿಂತ ಚೆನ್ನಾಗಿ ಗೊತ್ತಿರೋರು ಯಾರು? ಕುಡಿದೆ. ಪೂರ್ತಿ.
“ಇನ್ನೊಂದೀಟು ತರ್ಲೇನೇ?” ಅಂದಳು.
ನಾನು ಚೊಂಬು ಮುಂದೆ ಹಿಡಿದೆ.