ಒರೆಸಿಹೋದ ಕೆಂಪು ಗೀಟುಗಳ ಬಗ್ಗೆ

ಉಗ್ರಾಣಾಧಿಕಾರಿಗಳ ಘನ ಸನ್ನಿಧಾನಕ್ಕೆ,

ಮಾನ್ಯರೇ, ತಪಾಸಣೆಯ ಹಿಂದಿನ ದಿನ ನಮ್ಮ ಸಂಶೋಧನಾಲಯದ ಶೀತಲ ಕೋಣೆಯಲ್ಲಿದ್ದ, ಕೆರೆಯ ತಳದಿಂದ ಮಣ್ಣು ತುಂಬಿಕೊಂಡು ಬಂದ ನಲವತ್ತು ಕೊಳವೆಗಳ ಮೇಲಿನ ಕೆಂಪು ಗೀಟುಗಳನ್ನು ತಾವು ಸ್ಪಿರಿಟ್ ಹಾಕಿ ಒರೆಸಿಹಾಕಿಸಿದಿರಿ. ಕೊಳವೆಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದಿರಿ. ತಪಾಸಣಾ ತಂಡ ಮೆಚ್ಚಿತಂತೆ, ಅಭಿನಂದನೆಗಳು. ಮಂಗನ ಕೈಯ ಮಾಣಿಕ್ಯದ ಗಾದೆಯನ್ನು ನಾನಿಲ್ಲಿ ಬಳಸುವುದಿಲ್ಲ. ಆ ಮಂಗ ಮಾಣಿಕ್ಯಕ್ಕೆ ಸ್ಪಿರಿಟ್ ಹಾಕಿ ಉಜ್ಜಿರಲಿಲ್ಲ.

ಗೀಟು ಯಾಕೆ ಎಂದು ತಾವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಸೂರ್ಯನನ್ನು ಸುತ್ತುವ ಭೂಮಿಯ ದಾರಿಯೂ ವಾಲುವಿಕೆಯೂ ಸಾವಿರಾರು ವರ್ಷಗಳಲ್ಲಿ ಮೆಲ್ಲಗೆ ಬದಲಾಗುತ್ತವೆ. ಅದಕ್ಕೆ ತಕ್ಕಂತೆ ಬೇಸಿಗೆಯ ಬಿಸಿಲು ಏರಿಳಿದು ಮುಂಗಾರು ಬಲಿಯುತ್ತದೆ, ಸೊರಗುತ್ತದೆ. ಮಳೆ ಹೆಚ್ಚಿದ ಕಾಲದ ಮಣ್ಣೇ ಬೇರೆ, ಮಳೆ ಸೋತ ಕಾಲದ ಮಣ್ಣೇ ಬೇರೆ. ಕೆರೆಯ ತಳದಲ್ಲಿ ಎರಡೂ ಪದರಪದರವಾಗಿ ಕೂರುತ್ತವೆ. ಅದರೊಳಗಿನ ಕಬ್ಬಿಣದ ಕಣಗಳು ಕೂರುವಾಗ ಅಂದಿನ ಅಯಸ್ಕಾಂತೀಯ ಉತ್ತರಕ್ಕೆ ಮುಖ ಮಾಡುತ್ತವೆ. ಆ ಉತ್ತರವೋ ಒಂದು ಕಡೆ ನಿಲ್ಲುವ ಜಾತಿಯಲ್ಲ. ಅದು ಯಾವಾಗ ಎಲ್ಲಿ ಅಲೆಯುತ್ತಿತ್ತು ಎಂಬುದರಿಂದಲೇ ಪದರದ ವಯಸ್ಸು ಹಿಡಿಯುತ್ತೇವೆ. ಅದಕ್ಕಾಗಿ ಕೊಳವೆಯನ್ನು ನೀರಿನಿಂದ ಎತ್ತುವ ಮುನ್ನ ಇಂದಿನ ಉತ್ತರಕ್ಕೆ ಒಂದು ಗೀಟು, ಮೇಲ್ತುದಿಗೆ ಒಂದು ಬಾಣ. ಅವಿಲ್ಲದಿದ್ದರೆ ಅದು ಬರಿಯ ಕೆಸರು.

ಗೀಟು ಎಳೆದವಳು ನನ್ನ ಅಕ್ಕ. ಹನ್ನೊಂದು ವರ್ಷ ತೆಪ್ಪದ ಮೇಲೆ ಮಂಡಿಯೂರಿ ದಿಕ್ಸೂಚಿ ನೋಡಿದಳು, ನಾನು ಕೊಳವೆ ಹಿಡಿದೆ. "ಕೈ ಅಲ್ಲಾಡಿಸ್ಬೇಡ ಕಣೇ, ಉತ್ತರ ಓಡೋಗುತ್ತೆ" ಎಂದು ಗದರುತ್ತಿದ್ದಳು. ಮೊನ್ನೆ ತಮ್ಮ ಗುಮಾಸ್ತರು ಬಾಗಿಲು ತೆಗೆದು, "ಯಾರೋ ಗೀಚಿ ಗಲೀಜು ಮಾಡಿದ್ರು ಮೇಡಂ, ಎಲ್ಲಾ ಫಳಫಳ ಅನ್ನಿಸಿದೀವಿ" ಎಂದರು. ಅಕ್ಕ ಒಂದು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದಕ್ಕೆ ತಲೆ ಯಾವ್ದೇ, ಕಾಲು ಯಾವ್ದೇ?" ಎಂದು ನನ್ನನ್ನು ಕೇಳಿದಳು. ನನಗೂ ಗೊತ್ತಾಗಲಿಲ್ಲ. ಅವಳು ನೆಲದ ಮೇಲೆ ಕೂತು ಅತ್ತಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಹೊಸ ಮಾದರಿ ತರಿಸಿಕೊಳ್ಳತಕ್ಕದ್ದು" ಎಂದು ನಮ್ಮ ದೂರಿಗೆ ತಾವು ಕೊಟ್ಟ ಉತ್ತರ ಕೈಸೇರಿದೆ. ಎಲ್ಲಿಂದ ತರೋಣ ಸ್ವಾಮಿ? ಆ ಕೆರೆಯ ಹೂಳನ್ನು ಹೋದ ವರ್ಷ ತಳ ಕಾಣುವಂತೆ ಎತ್ತಿ ಲಾರಿಗಳಲ್ಲಿ ಸಾಗಿಸಿದರು. ಅದೂ ಸ್ವಚ್ಛತೆಗಾಗಿಯೇ. ಮುಂಗಾರು ಮುಂದೆ ಹೇಗೆ ತಿರುಗೀತು ಎಂದು ಊಹಿಸಲು, ಹಿಂದೆ ಹೇಗೆ ತಿರುಗಿತ್ತು ಎಂಬ ಸಾಕ್ಷಿ ಬೇಕಲ್ಲವೇ?

ಪೆಟ್ಟಿಗೆ ಬಿಚ್ಚದ ಮೂರು ಕೊಳವೆಗಳು ಗೀಟಿನ ಸಮೇತ ಉಳಿದಿವೆ. ಅವನ್ನು ಸೋಮವಾರ ಒರೆಸಬೇಕೆಂದು ತಮ್ಮ ಆದೇಶವಿದೆ. ಆದೇಶ ಹಿಂತೆಗೆದುಕೊಳ್ಳಿ, ಕೋಣೆಯ ಕೀಲಿಯನ್ನು ಅಕ್ಕನ ಕೈಗೆ ಕೊಡಿ. ಅಲ್ಲಿಯವರೆಗೆ ನಾನು ಆ ಪೆಟ್ಟಿಗೆಯ ಮೇಲಿಂದ ಏಳುವುದಿಲ್ಲ. ಒರೆಸುವವರು ಬಂದರೆ ಮೊದಲು ನನ್ನನ್ನು ಒರೆಸಲಿ.

ಇಂತಿ, ಚಳಿಗೆ ಹಲ್ಲು ಕಡಿಯುತ್ತ,
ತಮ್ಮ ಶೀತಲ ಕೋಣೆಯಲ್ಲಿ ಸದ್ಯ ಉಳಿದಿರುವ ಒಂದೇ ಗಲೀಜು