ತೊಲೆ ಎತ್ತಿದ ಮೇಲೆ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಮನೆಯ ಛಾವಣಿ ಕಾರಣ ಎಂದರೆ ನಗುತ್ತೀಯೇನೋ. ಅಟ್ಟವನ್ನು ಮಗಳಿಗೊಂದು ಕೋಣೆಯಾಗಿ ಮಾಡಿಸುತ್ತಿದ್ದೇವೆ. ಎಲ್ಲೆಲ್ಲೂ ಮರದ ಪುಡಿ, ಊಟದ ತಟ್ಟೆಯಲ್ಲೂ. ಮೇಜಿನ ತುಂಬ ಸಾಮಾನು, ಮಡಿಲ ಮೇಲೆ ಹಲಗೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಅಟ್ಟದಲ್ಲಿ ಜನ ಓಡಾಡಬೇಕಾದರೆ ಹಳೆಯ ತೊಲೆಗಳು ಸಾಲವು, ಒಂದೊಂದರ ಪಕ್ಕಕ್ಕೂ ಹೊಸ ಮರ ಕೂರಿಸಿ ಬೋಲ್ಟ್ ಬಿಗಿಯಬೇಕು ಎಂದು ಬಡಗಿ ಮೊದಲೇ ಹೇಳಿದ್ದರು. ಕೆಲಸಕ್ಕೆಂದು ಮೇಲೆ ಹತ್ತಿದವರು ಅಲ್ಲಿಂದಲೇ ಕೂಗಿದರು: "ಅಮ್ಮಾ, ಛಾವಣಿ ಭಾರ ಹೊರೋ ಓರೆಗಂಬಾನೇ ಯಾರೋ ಗರಗಸ ಹಾಕಿ ತೆಗೆದುಬಿಟ್ಟಿದಾರೆ! ಇಷ್ಟು ವರ್ಷ ಈ ಮನೆ ನಿಂತಿರೋದು ಬರೀ ಮರ್ಯಾದೆಗೆ."

ಕಂಬವಿದ್ದ ಜಾಗದಲ್ಲಿ ಕೂತಿದ್ದದ್ದು ನೀರಿನ ತೊಟ್ಟಿ. ಅಪ್ಪ ಅದನ್ನು ಕೂರಿಸಿದ್ದು ಅಮ್ಮ ಬೀಳುವುದಕ್ಕೆ ಒಂದು ತಿಂಗಳು ಮುಂಚೆ.

ಕಂಬವಿಲ್ಲದೆ, ತೊಟ್ಟಿಯ ಭಾರಕ್ಕೆ ಬಾಗಿದ ತೊಲೆಯನ್ನು ಒಂದೇ ಸಲ ಎತ್ತಿದರೆ ಸೀಳುತ್ತದಂತೆ. ಅದರ ಕೆಳಗೆ ಜಾಕಿ ಇಟ್ಟು ಬೆಳಿಗ್ಗೆ ಕಾಲು ಸುತ್ತು, ಸಂಜೆ ಕಾಲು ಸುತ್ತು ತಿರುಗಿಸಿದರು. "ಮುನಿಸಿಕೊಂಡ ಹೆಂಡ್ತಿ ಥರ ಅಮ್ಮಾ, ಅವಸರ ಮಾಡಿದ್ರೆ ಕೆಟ್ಟೆ." ಹತ್ತನೆಯ ದಿನ, ಅಂದರೆ ನಿನ್ನೆ, ಕೆಳಗೆ ನಿನ್ನ ಕೋಣೆಯ ಬಾಗಿಲು ತಾನಾಗಿಯೇ ಮೆಲ್ಲಗೆ ತೆರೆದುಕೊಂಡಿತು. ನಾನು ಬೆಚ್ಚಿಬಿದ್ದೆ.

"ತೊಲೆ ಕೂತಿದ್ದದ್ದು ನೇರ ಈ ಚೌಕಟ್ಟಿನ ಮೇಲೆ," ಎಂದರು ಬಡಗಿ. "ಬಾಗಿಲು ಜೋರಾಗಿ ಎಳೆದು ಹಾಕಿದ್ರೆ ಕಚ್ಚಿಕೊಳ್ಳುತ್ತೆ. ಇಲ್ಲಿದ್ದ ಹಳೇ ಬಾಗಿಲನ್ನ ಅಟ್ಟದಲ್ಲಿ ತೊಟ್ಟಿ ಪಕ್ಕ ಹಲಗೆ ಥರ ಹಾಕಿದಾರೆ. ಒಡೆದವರು ಕೀಲಿನ ಕಡೆಯಿಂದ ಕಿತ್ತಿದಾರೆ. ಬೀಗದ ನಾಲಿಗೆ ಒಳಗೇ ಇದೆ. ಬೀಗ ಹಾಕೇ ಇರಲಿಲ್ಲ ಅಮ್ಮಾ."

ಅಟ್ಟ ಹತ್ತಿ ಆ ಹಳೆಯ ಬಾಗಿಲಿನ ಧೂಳು ಒರೆಸಿದೆ, ಗುಬ್ಬಿ. ಆ ದಿನ ಅಮ್ಮನ ಜೊತೆ ಜಗಳವಾಡಿ, ಅವಳನ್ನು ನಿನ್ನ ಕೋಣೆಯಲ್ಲೇ ಬಿಟ್ಟು, ಬಾಗಿಲು ಬಡಿದು ನೀನು ಕಾಲೇಜಿಗೆ ಹೋದೆ. ಬೀಗದ ಕೈ ನಿನ್ನ ಚೀಲದಲ್ಲಿತ್ತು. ಒಳಗೆ ಅಮ್ಮ ಲಕ್ವ ಹೊಡೆದು ಬಿದ್ದಳು. ಅಕ್ಕಪಕ್ಕದವರು ಬಂದು ಕದ ಒಡೆಯುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತು ಎಂದರು ಡಾಕ್ಟರು. "ಬೀಗ ಹಾಕಿಲ್ಲಪ್ಪಾ, ಬರೀ ಎಳ್ಕೊಂಡೆ" ಎಂದು ನೀನು ಎಷ್ಟು ಅತ್ತರೂ ಅಪ್ಪ ಕೇಳಲಿಲ್ಲ. "ಹೆತ್ತ ತಾಯಿನ ಕೂಡಿಹಾಕಿದವಳು ನನ್ನ ಕಣ್ಣೆದುರು ಇರಬೇಡ" ಎಂದುಬಿಟ್ಟರು. ಹತ್ತೊಂಬತ್ತು ವರ್ಷವಾಯಿತು, ನೀನು ಈ ಹೊಸ್ತಿಲು ತುಳಿದಿಲ್ಲ.

ಓರೆಗಂಬ ತೆಗೆಸಿದ್ದು ಅಪ್ಪ, ಶಿಕ್ಷೆ ನಿನಗೆ. ಅವರೂ ಈಗಿಲ್ಲ, ಅಮ್ಮನೂ ಇಲ್ಲ. ಯಾರ ಹತ್ತಿರ ಜಗಳವಾಡಲಿ? ಒಮ್ಮೆ ಬಾ. ಆ ಹಳೆಯ ಬಾಗಿಲನ್ನು ನಿನ್ನ ಕೈಯಿಂದಲೇ ಮುಟ್ಟಿ ನೋಡು.

ಮಕ್ಕಳಿಗೆ ನನ್ನ ಮುತ್ತು. ನೀನು ತಣ್ಣಗಿರು, ನಿನ್ನ ಮನೆ ತುಂಬಿರಲಿ.

ನಿನ್ನ
ಅಕ್ಕ

ಮತ್ತೆ: ಕಾಗದ ಮಡಿಸಿದವಳು ಪುನಃ ಬಿಡಿಸಿದ್ದೇನೆ. ಎಲ್ಲವೂ ನಿನ್ನೆಯಷ್ಟೇ ಗೊತ್ತಾಯಿತು ಎಂಬಂತೆ ಬರೆದಿದ್ದೇನಲ್ಲ, ಹಾಗಲ್ಲ. ತೊಲೆ ಚೌಕಟ್ಟನ್ನು ಒತ್ತುತ್ತಿದ್ದ ವಿಷಯ ತಿಳಿದದ್ದು ನಿನ್ನೆ. ಬೀಗದ ನಾಲಿಗೆ ಒಳಗಿದ್ದದ್ದನ್ನು, ಕದ ಒಡೆದ ದಿನವೇ ಕಂಡಿದ್ದೆ. ಬಡಗಿ ಇನ್ನೊಂದು ಮಾತು ಹೇಳಿದ್ದರು, ಅದನ್ನೂ ಮೇಲೆ ಬರೆಯಲಿಲ್ಲ: "ಗಟ್ಟಿಯಾಗಿ ಭುಜ ಕೊಟ್ಟಿದ್ರೆ ಬಂದುಬಿಡ್ತಿತ್ತು." ಅಂದು ಮನೆಯಲ್ಲಿದ್ದವಳು ನಾನೊಬ್ಬಳೇ. ಒಂದೇ ಒಂದು ಸಲ ತಳ್ಳಿ, ನೀನು ಬೀಗ ಹಾಕಿದ್ದೀಯ ಅಂದುಕೊಂಡು, ಬೀಗದ ಕೈಗಾಗಿ ನಿನ್ನನ್ನು ಹುಡುಕುತ್ತ ಕಾಲೇಜಿಗೆ ಹೊರಟೆ. ನೀನು ಸಿಗಲಿಲ್ಲ. ಬೀಗವಿರಲಿಲ್ಲ ಎಂದು ಆಮೇಲೆ ಬಾಯಿಬಿಟ್ಟಿದ್ದರೆ, ಇನ್ನೊಮ್ಮೆ ಯಾಕೆ ತಳ್ಳಲಿಲ್ಲ ಎಂದು ಅಪ್ಪ ನನ್ನನ್ನು ಕೇಳುತ್ತಿದ್ದರು. ಸುಮ್ಮನಿದ್ದೆ.

ನಾನು ಹೊರಡುವಾಗ ಅಮ್ಮನಿಗೆ ಇನ್ನೂ ಮಾತಿತ್ತು, ಗುಬ್ಬಿ. ನನ್ನನ್ನು ಕರೆಯುತ್ತಿದ್ದಳು.